ಸಂಪಿಗೆ ರಸ್ತೆಯಿಂದ ಬೇವಿನ ರಸ್ತೆಗೆ

ಬೆಂಗಳೂರಿನ ಮಲ್ಲೇಶ್ವರದ ಎರಡು ದೊಡ್ಡ ರಸ್ತೆಗಳಿಗೆ ಇಟ್ಟಿರುವುದು ಮರಗಳ ಹೆಸರು. ಒಂದು ಸಂಪಿಗೆ ರಸ್ತೆ. ಅದಕ್ಕೆ ಜೊತೆಜೊತೆಯಾಗಿ ಸಾಗುವ ಇನ್ನೊಂದು ಮಾರ್ಗೋಸ ರಸ್ತೆ. ದಿನಕ್ಕೆ ಹತ್ತು ಸಲ ಆ ಹೆಸರು ಹೇಳುವವರಲ್ಲೂ ಎಷ್ಟೋ ಮಂದಿಗೆ ಮಾರ್ಗೋಸ ಎಂದರೆ ನಮ್ಮ ಬೇವು ಎಂಬುದು ತಿಳಿದಿರುವುದಿಲ್ಲ. ಕಹಿ ಎಂಬ ಅರ್ಥದ ಪೋರ್ಚುಗೀಸ್ ಮಾತೊಂದು ಇಂಗ್ಲಿಷಿಗೆ ಬಂದು, ಅಲ್ಲಿಂದ ಮೈಸೂರು ಸಂಸ್ಥಾನದ ನಕ್ಷೆಗೆ ಇಳಿದು, ಕೊನೆಗೆ ಆಟೋದವರ ಬಾಯಲ್ಲಿ ನೆಲೆನಿಂತಿತು. ಯುಗಾದಿಯ ದಿನ ಬೇವು ಬೆಲ್ಲ ತಿನ್ನುವ ಊರಿನಲ್ಲಿ ಬೇವಿನ ರಸ್ತೆಗೆ ಬೇವಿನ ಹೆಸರೇ ಮರೆತಂತಾಗಿದೆ. ಸಂಪಿಗೆ ರಸ್ತೆಯಲ್ಲೂ ಈಗ ಸಂಪಿಗೆ ಮರವನ್ನು ಹುಡುಕಿಕೊಂಡು ಹೋಗಬೇಕು.

ಹೀಗೆ ಮರೆತದ್ದನ್ನು ನೆನಪಿಗೆ ತರುವ ಒಂದು ಒಳ್ಳೆಯ ಏರ್ಪಾಡು ಬೆಂಗಳೂರಿನಲ್ಲಿ ಬೇರೂರಿದೆ. ರೂಢಿಯಲ್ಲಿ ಅದನ್ನು ಹೆರಿಟೇಜ್ ವಾಕ್ ಎನ್ನುತ್ತಾರೆ. ಪರಂಪರೆಯ ನಡಿಗೆ ಎಂದರೂ ಸರಿಯೇ. ಹಳೆಯ ಬಡಾವಣೆಯೊಂದನ್ನು ಬಲ್ಲವರು ಮುಂದೆ ನಡೆಯುತ್ತಾರೆ, ಕುತೂಹಲ ಉಳ್ಳವರು ಹಿಂದೆ ಹೋಗುತ್ತಾರೆ. ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಇಂಥ ನಡಿಗೆಗಳನ್ನು ನಡೆಸಿಕೊಂಡು ಬಂದಿದೆ. 2014ರಲ್ಲಿ ಶುರುವಾದ ‘ನೆರಳು’ ಎಂಬ ಮರಗಳ ಹಬ್ಬವು ನಗರದ ಮರಗಳನ್ನೇ ಹೆಸರು ಹಿಡಿದು ಕರೆಯುವ ನಡಿಗೆಗಳನ್ನು ಜನಪ್ರಿಯಗೊಳಿಸಿತು.

ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಮಲ್ಲೇಶ್ವರದ ದೇವಸ್ಥಾನದ ಬೀದಿಯಲ್ಲಿ ಹದಿನೈದು ಇಪ್ಪತ್ತು ಮಂದಿ ಸೇರುತ್ತಾರೆ. ಕೆಲಸಕ್ಕೆಂದು ಬೇರೆ ಊರುಗಳಿಂದ ಬಂದ ಹುಡುಗ ಹುಡುಗಿಯರು, ಇಲ್ಲೇ ಬೆಳೆದು ಈಗ ಹೊರದೇಶದಿಂದ ರಜೆಗೆ ಬಂದವರು, ಮೊಮ್ಮಗಳ ಕೈ ಹಿಡಿದ ಅಜ್ಜ, ಕೊರಳಿಗೆ ಕ್ಯಾಮೆರಾ ಹಾಕಿಕೊಂಡವರು. ಅಂಥ ಒಂದು ನಡಿಗೆಯ ಜಾಡು ಹಿಡಿದು ಕೇಳುಗರೂ ಕೂತಲ್ಲಿಂದಲೇ ಹೆಜ್ಜೆ ಹಾಕಬಹುದು.

ಮೊದಲ ನಿಲ್ದಾಣ ಕಾಡು ಮಲ್ಲೇಶ್ವರನ ಗುಡಿ. ಹೆಸರಿನಲ್ಲೇ ಕಾಡಿದೆ. ಸುತ್ತ ಅಂಗಡಿ, ಅಪಾರ್ಟ್‌ಮೆಂಟು, ವಾಹನಗಳ ಗದ್ದಲ ಏನೇ ಇರಲಿ, ದೇವರನ್ನು ಇಂದಿಗೂ ಕಾಡು ಮಲ್ಲೇಶ್ವರ ಎಂದೇ ಕರೆಯುತ್ತಾರೆ. ಮೆಟ್ಟಿಲು ಹತ್ತಿ ಒಳಗೆ ಹೋದರೆ ಅರಳಿಮರದ ಬುಡದಲ್ಲಿ ಸಾಲುಸಾಲು ನಾಗರಕಲ್ಲುಗಳು. ಎಲೆಗಳ ಸದ್ದಿನ ನಡುವೆ ಗಂಟೆಯ ಸದ್ದು. ಬಡಾವಣೆ ಬರುವ ಮೊದಲು ಈ ದಿಬ್ಬ ಹೇಗಿದ್ದಿರಬೇಕು ಎಂಬುದರ ಅಂದಾಜು ಸಿಗುವುದು ಈ ಅಂಗಳದಲ್ಲಿ ಮಾತ್ರ.

ಗುಡಿಯ ಬಳಿ ಬಂಡೆಯ ಮೇಲೊಂದು ಶಾಸನವಿದೆ. ಕಾಲ 1669. ಬರೆಸಿದವನು ಏಕೋಜಿ, ಅಂದರೆ ವೆಂಕೋಜಿ. ಶಹಾಜಿಯ ಮಗ, ಛತ್ರಪತಿ ಶಿವಾಜಿಯ ಮಲತಮ್ಮ. 1638ರಲ್ಲಿ ಬಿಜಾಪುರದ ಸೇನೆ ಕೆಂಪೇಗೌಡರ ವಂಶದಿಂದ ಬೆಂಗಳೂರನ್ನು ಗೆದ್ದ ಮೇಲೆ ಈ ಸೀಮೆ ಶಹಾಜಿಯ ಜಹಗೀರಾಗಿತ್ತು. ಅವನು 1664ರಲ್ಲಿ ತೀರಿಕೊಂಡ ನಂತರ ಏಕೋಜಿಯ ಕೈಗೆ ಬಂತು. ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಹಳ್ಳಿಯನ್ನು ದತ್ತಿಯಾಗಿ ಬಿಟ್ಟುಕೊಟ್ಟ ಸಂಗತಿಯನ್ನು ಶಾಸನ ಹೇಳುತ್ತದೆ. ಆ ಹಳ್ಳಿ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸುಪಾಸಿನಲ್ಲಿತ್ತು ಎನ್ನುತ್ತಾರೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಇದು ಅಚ್ಚಾಗಿದೆ.

ನಡಿಗೆಯ ಮುಂದಾಳುಗಳು ಈ ಬಂಡೆಯ ಮುಂದೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅದಕ್ಕೆ ಕಾರಣವೂ ಇದೆ. ಮಲ್ಲೇಶ್ವರ ಎಂದರೆ 1898ರ ಪ್ಲೇಗಿನ ನಂತರ ಎದ್ದ ಬಡಾವಣೆ ಎಂದಷ್ಟೇ ಬಹಳ ಜನ ತಿಳಿದಿರುತ್ತಾರೆ. ಪ್ಲೇಗಿಗಿಂತ 229 ವರ್ಷ ಮೊದಲೇ ಇಲ್ಲಿ ಮಲ್ಲಪುರವಿತ್ತು, ಅದರ ದೇವರಿದ್ದ, ಆ ದೇವರಿಗೆ ಒಂದು ಹಳ್ಳಿ ದತ್ತಿಯಾಗಿತ್ತು. ಏಕೋಜಿ ಮುಂದೆ ತಂಜಾವೂರಿಗೆ ಹೋಗಿ ಅಲ್ಲಿ ರಾಜ್ಯ ಸ್ಥಾಪಿಸಿದ. ಬೆಂಗಳೂರು 1687ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾಯಿತು. ಆಳುವವರು ಬದಲಾದರೂ ಕಲ್ಲು ಇದ್ದಲ್ಲೇ ಉಳಿಯಿತು.

ಗುಡಿಯ ಎದುರಿಗೆ ದಕ್ಷಿಣಮುಖ ನಂದಿತೀರ್ಥ. ಇದರ ಕತೆ ಇನ್ನೂ ಹತ್ತಿರದ್ದು. 1997ರವರೆಗೆ ಇಲ್ಲಿ ಕಾಣುತ್ತಿದ್ದುದು ಒಂದು ಖಾಲಿ ಜಾಗ ಅಷ್ಟೆ. ಮಣ್ಣು ತುಂಬಿ ಮಟ್ಟವಾಗಿತ್ತು. ಜಾಗ ಮಾರಾಟವಾಗಿ ಕಟ್ಟಡ ಏಳುವ ಸುದ್ದಿ ಬಂದಾಗ ಅಕ್ಕಪಕ್ಕದ ನಿವಾಸಿಗಳು ತಡೆದರು. ಅಗೆದು ನೋಡಿದರೆ ಕೆಳಗೆ ಮೆಟ್ಟಿಲು, ಕಂಬಗಳ ಸಾಲು, ನಡುವೆ ಕಲ್ಯಾಣಿ, ಕಪ್ಪು ಕಲ್ಲಿನ ನಂದಿ. ನಂದಿಯ ಬಾಯಿಂದ ಹೊರಟ ನೀರು ಕೆಳಗಿರುವ ಶಿವಲಿಂಗದ ಮೇಲೆ ಬಿದ್ದು, ಅಲ್ಲಿಂದ ಕಲ್ಯಾಣಿಗೆ ಇಳಿಯುತ್ತದೆ. ಮೆಟ್ಟಿಲ ಅಂಚಿನಲ್ಲಿ ಕೂತು ಮಕ್ಕಳು ನೀರಿನಲ್ಲಿರುವ ಆಮೆಗಳನ್ನು ಎಣಿಸುತ್ತಾರೆ. ನೀರಿನ ಮೂಲ ಎಲ್ಲಿಯದು ಎಂದು ಕೇಳಿದರೆ ಹಿರಿಯರು ಸ್ಯಾಂಕಿ ಕೆರೆಯ ದಿಕ್ಕಿಗೆ ಕೈ ತೋರಿಸುತ್ತಾರೆ.

ಸ್ಯಾಂಕಿ ಕೆರೆ ಇಲ್ಲಿಂದ ದೂರವೇನಿಲ್ಲ. 1882ರಲ್ಲಿ ಅದನ್ನು ಕಟ್ಟಿಸಿದವರು ಕರ್ನಲ್ ರಿಚರ್ಡ್ ಸ್ಯಾಂಕಿ. ಕಬ್ಬನ್ ಪಾರ್ಕಿನ ಯೋಜನೆ, ಅಠಾರಾ ಕಚೇರಿಯ ಕಟ್ಟಡ ಇವೂ ಅದೇ ಎಂಜಿನಿಯರರ ಕೆಲಸ. ಬ್ರಿಟಿಷರ ದಂಡಿನ ಪ್ರದೇಶಕ್ಕೆ ನೀರು ಸಾಲದೆ ಹೋದಾಗ, 1870ರ ದಶಕದ ಭೀಕರ ಬರದ ನೆನಪು ಇನ್ನೂ ಹಸಿಯಾಗಿದ್ದಾಗ ಎದ್ದ ಕೆರೆ ಇದು. ಪಕ್ಕದಲ್ಲೇ ಸರಕಾರದ ಶ್ರೀಗಂಧದ ಕೋಠಿ ಇದ್ದುದರಿಂದ ಇದಕ್ಕೆ ಗಂಧದಕೋಠಿ ಕೆರೆ ಎಂಬ ಹೆಸರೂ ಇತ್ತು. ಕೋಠಿ ಇದ್ದ ಕಡೆಯೇ ಇಂದು ಹದಿನೆಂಟನೇ ಕ್ರಾಸಿನಲ್ಲಿ ಅರಣ್ಯ ಇಲಾಖೆಯ ಮುಖ್ಯ ಕಚೇರಿಯಾದ ಅರಣ್ಯ ಭವನ ನಿಂತಿದೆ. ಕಾಡಿನ ಹೆಸರು ಹೊತ್ತ ದೇವರಿಂದ ಕಾಡಿನ ಲೆಕ್ಕ ಇಡುವ ಕಚೇರಿಗೆ ಹತ್ತೇ ನಿಮಿಷದ ದಾರಿ.

ಇನ್ನು ಪ್ಲೇಗಿನ ವಿಷಯ. ಈ ಮಾತು ಬಂದಾಗ ಗುಂಪು ಹತ್ತಿರ ಸರಿಯುತ್ತದೆ. ಕೊರೋನ ಕಂಡ ತಲೆಮಾರಿಗೆ ಅದರ ಭಯವನ್ನು ವಿವರಿಸಿ ಹೇಳಬೇಕಾಗಿಲ್ಲ.

1896ರಲ್ಲಿ ಮುಂಬಯಿಗೆ ಅಪ್ಪಳಿಸಿದ ಪ್ಲೇಗು 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ಜೊತೆ ಬೆಂಗಳೂರಿಗೆ ಇಳಿಯಿತು. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ಓಣಿಗಳಲ್ಲಿ ಮನೆಗೆ ಮನೆ ಒತ್ತಿಕೊಂಡಿದ್ದವು. ಅಂಗಡಿ ಮುಂದೆ, ಧಾನ್ಯದ ಮೂಟೆ ನಡುವೆ, ಸಂಸಾರ ಹಿಂದೆ. ಗಾಳಿ ಬೆಳಕು ಬರಲು ತಾವಿಲ್ಲ. ಇಲಿ ಸತ್ತು ಬಿದ್ದರೆ ಮನೆ ಬಿಡು ಎಂಬುದೇ ಆಗಿನ ಅನುಭವದ ಮಾತು. ಜನ ಮನೆಗೆ ಬೀಗ ಹಾಕಿ ಊರ ಹೊರಗಿನ ಬಯಲಿನಲ್ಲಿ ಷೆಡ್ಡು ಹಾಕಿಕೊಂಡರು. ಪ್ಲೇಗ್ ಕಮಿಷನರ್ ಆಗಿ ಹೊಣೆ ಹೊತ್ತವರು ವಿ. ಪಿ. ಮಾಧವರಾವ್; ಮುಂದೆ ಮೈಸೂರಿನ ದಿವಾನರಾದರು. ಪ್ಲೇಗು ನಿಯಂತ್ರಣದ ಕೆಲಸಕ್ಕೆಂದೇ ಆ ವರ್ಷ ಬೆಂಗಳೂರಿನಲ್ಲಿ ಟೆಲಿಫೋನ್ ತಂತಿಗಳನ್ನು ಎಳೆದರು.

ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದ. ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಚಿಗಟದ ಮೂಲಕ ಎಂದು ಸಿಮೋಂದ್ ಎಂಬ ಇನ್ನೊಬ್ಬ ವಿಜ್ಞಾನಿ ತೋರಿಸಿದ್ದು 1898ರಲ್ಲಿ, ಕರಾಚಿಯಲ್ಲಿ. ಅಂದರೆ ಬೆಂಗಳೂರು ತತ್ತರಿಸುತ್ತಿದ್ದ ವರ್ಷವೇ ಆ ಸತ್ಯ ಹೊರಬಂತು. ಅದನ್ನು ಲೋಕ ಒಪ್ಪಲು ಇನ್ನೂ ವರ್ಷಗಳು ಹಿಡಿದವು. ಅಷ್ಟರಲ್ಲಿ ಅಧಿಕಾರಿಗಳಿಗೆ ಕಣ್ಣಿಗೆ ಕಾಣುತ್ತಿದ್ದುದು ಇಕ್ಕಟ್ಟು, ಕತ್ತಲು, ಕೊಳೆ. ಅದಕ್ಕೆ ಅವರು ಬರೆದ ಮದ್ದು ಅಗಲ ರಸ್ತೆ, ಬೆಳಕು, ಗಾಳಿ, ಮನೆ ಸುತ್ತ ತೆರಪು. ಆ ಮದ್ದಿನ ಚೀಟಿಯೇ ಮಲ್ಲೇಶ್ವರದ ನಕ್ಷೆ.

ಪೇಟೆಯ ಹೊರಗೆ ಹೊಸ ಬಡಾವಣೆ ಬೇಕೆಂಬ ಯೋಚನೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಆರಂಭದಲ್ಲೇ ಮೊಳೆತಿತ್ತು. ಪ್ಲೇಗು ಅದಕ್ಕೆ ಅವಸರ ಹಚ್ಚಿತು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ. ಎರಡಕ್ಕೂ ಅಲ್ಲಲ್ಲೇ ಇದ್ದ ಹಳೆಯ ಗುಡಿಯ ಹೆಸರು. ಮಲ್ಲೇಶ್ವರದಲ್ಲಿ ಉದ್ದಕ್ಕೆ ಮೈನ್ ರೋಡುಗಳು, ಅಡ್ಡಕ್ಕೆ ಒಂದರ ಮೇಲೊಂದು ಎಣಿಸಿದ ಕ್ರಾಸುಗಳು. ‘ನಿಮ್ಮದು ಎಷ್ಟನೇ ಕ್ರಾಸು?’ ಎಂಬುದು ಇಲ್ಲಿ ಇಬ್ಬರು ಅಪರಿಚಿತರು ಆಡುವ ಮೊದಲ ಮಾತು. ಎಂಟನೇ ಕ್ರಾಸು ಎಂದರೆ ಹೂವು ಹಣ್ಣಿನ ಸಂತೆ, ಗೌರಿ ಗಣೇಶನ ಹಬ್ಬಕ್ಕೆ ಕಾಲಿಡಲು ಜಾಗವಿಲ್ಲದ ಬೀದಿ. ಹದಿನೈದನೇ ಕ್ರಾಸು ಎಂದರೆ ಕಾಲೇಜು, ಗುಡಿಯ ದಾರಿ.

ನಡಿಗೆಯವರು ಈಗ ದೊಡ್ಡ ರಸ್ತೆ ಬಿಟ್ಟು ಎರಡು ಮನೆಸಾಲುಗಳ ಹಿತ್ತಿಲ ನಡುವೆ ಹೊಕ್ಕು ಹೊರಡುವ ಕಿರುದಾರಿಗೆ ತಿರುಗುತ್ತಾರೆ. ಇದಕ್ಕೆ ಕನ್ಸರ್ವೆನ್ಸಿ ಲೇನ್ ಎಂದು ಹೆಸರು. ಬಾಯಿಮಾತಿನಲ್ಲಿ ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಬರುವ ಮೊದಲು ಮಲ ಹೊರುವ ಕೆಲಸ ನಡೆಯುತ್ತಿದ್ದುದು ಈ ದಾರಿಯಲ್ಲಿ. ಮುಂಬಾಗಿಲಿನ ರಸ್ತೆ ಅಗಲವಾಗಿ, ಚೊಕ್ಕಟವಾಗಿ ಇರಬೇಕಾದರೆ ಆ ದುಡಿಮೆ ಹಿತ್ತಿಲಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಡೆಯಬೇಕಾಗಿತ್ತು. ಬಡಾವಣೆಯ ಆರೋಗ್ಯವನ್ನು ಹೆಗಲ ಮೇಲೆ ಹೊತ್ತ ಆ ಜನರ ಹೆಸರು ಯಾವ ಶಿಲೆಯಲ್ಲೂ ಇಲ್ಲ. ಹಳೆಯ ಬೀದಿಗಳನ್ನು ಪ್ರೀತಿಯಿಂದ ತೋರಿಸುವ ಯಾವ ನಡಿಗೆಯೂ ಈ ಗಲ್ಲಿಯನ್ನು ಬಿಟ್ಟು ಮುಂದೆ ಹೋಗಬಾರದು.

ನೀರಿನ ಏರ್ಪಾಡೂ ಇದೇ ಕಾಲದ್ದು. 1890ರ ದಶಕದ ನಡುವೆ ಅರ್ಕಾವತಿ ನದಿಯ ಹೆಸರಘಟ್ಟ ಜಲಾಶಯದಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. ಆ ನೀರನ್ನು ಸೋಸುತ್ತಿದ್ದ ಜ್ಯುಯೆಲ್ ಫಿಲ್ಟರ್ಸ್ ಸ್ಥಾವರ ಮಲ್ಲೇಶ್ವರದ್ದೇ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಹೊತ್ತಿಸಿತು. ಮಲ್ಲೇಶ್ವರ ಸರ್ಕಲ್ಲಿನ ಬಳಿ ಇರುವ ಕೆ. ಸಿ. ಜನರಲ್ ಆಸ್ಪತ್ರೆ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರ ಹೆಸರಿನದು. ಕೊಳವೆ ನೀರು, ದೀಪ, ಆಸ್ಪತ್ರೆ ಬಂದ ಮೇಲೆ ಪೇಟೆಯ ಸಂಸಾರಗಳು ಗಾಡಿಯಲ್ಲಿ ಪಾತ್ರೆಪಗಡೆ ಹೇರಿಕೊಂಡು ಒಂದೊಂದಾಗಿ ಇಲ್ಲಿಗೆ ಬಂದವು.

ಹಾಗೆ ಬಂದವರು ಕಟ್ಟಿದ ಮನೆಗಳಲ್ಲಿ ಕೆಲವು ಇನ್ನೂ ಉಳಿದಿವೆ. ಅಂಥ ಒಂದು ಮನೆಯ ಗೇಟಿನ ಮುಂದೆ ಗುಂಪು ನಿಲ್ಲುತ್ತದೆ. ಕಾಂಪೌಂಡಿನಲ್ಲಿ ಒಂದು ತೆಂಗು, ಒಂದು ಹಲಸು, ಬಾವಿಯ ಪಕ್ಕ ಕರಿಬೇವು. ಗೇಟಿನ ಬಳಿ ಪಾರಿಜಾತ. ರಾತ್ರಿ ಬಿದ್ದ ಹೂವಿನ ಬಿಳಿ ಎಸಳು, ಕೇಸರಿ ತೊಟ್ಟು ನೆಲದ ತುಂಬ. ಕಲ್ಲಿನ ಎತ್ತರದ ತಳಪಾಯ, ನಾಲ್ಕು ಮೆಟ್ಟಿಲು, ಎರಡು ಕಡೆ ಜಗಲಿ. ಜಗಲಿಯ ನೆಲ ಕೆಂಪು ಕಾವಿಯದು. ಎರಡು ಮೂರು ತಲೆಮಾರಿನ ಅಂಗಾಲು ತಿಕ್ಕಿ ಅದಕ್ಕೆ ಕನ್ನಡಿಯ ಹೊಳಪು ಬಂದಿದೆ. ಕಿಟಕಿಗಳ ಮೇಲೆ ಮರದ ಪಟ್ಟಿಗಳಿಂದ ಮಾಡಿದ ಚೂಪು ತುದಿಯ ಮುಸುಕು. ಅದನ್ನು ಮಂಕಿ ಟಾಪ್ ಎನ್ನುತ್ತಾರೆ. ಬಿಸಿಲನ್ನು ತಡೆದು ಗಾಳಿಯನ್ನು ಬಿಡುವುದು ಅದರ ಕೆಲಸ. ಮೇಲೆ ಮಂಗಳೂರು ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ನಾಡೆಲ್ಲ ಹಬ್ಬಿ, ಘಟ್ಟ ಹತ್ತಿ ಇಲ್ಲಿಗೂ ಬಂತು.

ಮನೆಯ ಒಡತಿ ಬಾಗಿಲಿಗೆ ಬಂದು, ಒಳಗೆ ಬನ್ನಿ ಎಂದು ಕರೆಯುವುದೂ ಉಂಟು. ಆಗ ಚರಿತ್ರೆಗೆ ಜೀವ ಬರುತ್ತದೆ. ನೀರೊಲೆ ಎಲ್ಲಿತ್ತು, ಹಲಸಿನ ಹಣ್ಣನ್ನು ಯಾರ ಯಾರ ಮನೆಗೆ ಹಂಚುತ್ತಿದ್ದರು, ಜಗಲಿಯಲ್ಲಿ ಕೂತು ಯಾವ ಮೇಷ್ಟ್ರು ಪಾಠ ಹೇಳುತ್ತಿದ್ದರು ಎಂಬುದೆಲ್ಲ ಐದು ನಿಮಿಷದಲ್ಲಿ ಹೊರಬರುತ್ತದೆ. ಇಂಥ ಮಾತುಗಳನ್ನು ಬರೆದಿಟ್ಟುಕೊಳ್ಳುವ ಒಬ್ಬರಾದರೂ ಗುಂಪಿನಲ್ಲಿ ಇದ್ದರೆ ಆ ದಿನದ ನಡಿಗೆ ಸಾರ್ಥಕ.

ಈ ಬೀದಿಗಳಲ್ಲಿ ಬಾಳಿದವರ ಪಟ್ಟಿ ಉದ್ದ. ಒಂದೆರಡು ಉದಾಹರಣೆ ಸಾಕು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಮಹಾರಾಜರು 371 ಎಕರೆ ನೆಲ ಕೊಟ್ಟರು. ಹಳಬರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಅದು ಪಕ್ಕದಲ್ಲೇ ಇದ್ದುದರಿಂದ ಮಲ್ಲೇಶ್ವರಕ್ಕೆ ವಿಜ್ಞಾನಿಗಳ ಸಂಸಾರಗಳೂ ಬಂದವು. 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸಿ. ವಿ. ರಾಮನ್ 1933ರಲ್ಲಿ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಮಲ್ಲೇಶ್ವರದಲ್ಲಿ ಅವರ ಮನೆಯ ಹೆಸರು ‘ಪಂಚವಟಿ’. ದೊಡ್ಡ ಮರಗಳ ನಡುವೆ ಹುದುಗಿದ ಮನೆ. ಮರಗಿಡ, ಹೂಗಳ ಬಣ್ಣ ಎಂದರೆ ರಾಮನ್ನರಿಗೆ ಪ್ರಾಣ. ಹೂವಿನ ಬಣ್ಣಗಳನ್ನೇ ಕುರಿತು ಇಳಿವಯಸ್ಸಿನಲ್ಲಿ ಸಂಶೋಧನೆ ಮಾಡಿದವರು ಅವರು. 1970ರ ನವೆಂಬರಿನಲ್ಲಿ ತೀರಿಕೊಂಡಾಗ ಅವರೇ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ ಅಂತ್ಯಸಂಸ್ಕಾರ ನಡೆಯಿತು. ಆ ಜಾಗದಲ್ಲಿ ಗೋರಿಯಿಲ್ಲ, ಒಂದು ಮರವಿದೆ.

ಎಂಟನೇ ಮೈನಿನಲ್ಲಿ ಕೆನರಾ ಯೂನಿಯನ್ನಿನ ಸಭಾಂಗಣ. ಕರಾವಳಿಯಿಂದ ಬಂದು ನೆಲಸಿದ ಕುಟುಂಬಗಳು ಕೂಡುವ ತಾಣ. ಮದುವೆ ಇದ್ದ ದಿನ ಅದು ಮದುವೆ ಮಂಟಪ. ಇಲ್ಲದ ದಿನ ಬ್ಯಾಡ್ಮಿಂಟನ್ ಅಂಗಳ. ಆ ಅಂಗಳದಲ್ಲಿ ಆಡಿ ಬೆಳೆದ ಹುಡುಗ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯನಾದ. ಮುಹೂರ್ತದ ದಿನಗಳಲ್ಲಿ ಆಟಕ್ಕೆ ರಜ. ಜಗತ್ತಿನ ಅತಿ ಹಳೆಯ ಬ್ಯಾಡ್ಮಿಂಟನ್ ಪಂದ್ಯಾವಳಿಯ ಗೆಲುವು ಹಂದರದ ಕಂಬಗಳ ನಡುವಿನಿಂದ ಹೊರಟಿತು ಎಂದರೆ ಮಕ್ಕಳು ಕಣ್ಣರಳಿಸಿ ಸಭಾಂಗಣವನ್ನು ಮತ್ತೊಮ್ಮೆ ನೋಡುತ್ತಾರೆ.

ಇಷ್ಟು ಹೊತ್ತಿಗೆ ಬಿಸಿಲು ಏರಿರುತ್ತದೆ. ಎಲ್ಲರೂ ತಮಗೆ ತಿಳಿಯದೆ ರಸ್ತೆಯ ನೆರಳಿನ ಮಗ್ಗುಲಿಗೆ ಸರಿದಿರುತ್ತಾರೆ. ಮರಗಳ ಬಗ್ಗೆ ಮಾತೆತ್ತಲು ಇದೇ ಸರಿಯಾದ ಗಳಿಗೆ.

ರಸ್ತೆಯ ಎರಡೂ ಬದಿಯಿಂದ ಚಾಚಿ ನಡುವೆ ಕೈ ಕೂಡಿಸಿರುವುದು ಮಳೆಮರ. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕಗಳ ಕಡೆಯದು. ಸಂಜೆಯಾದರೆ, ಮೋಡ ಕವಿದರೆ ಎಲೆಗಳನ್ನು ಮಡಚಿಕೊಳ್ಳುತ್ತದೆ. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು, ಚಳಿ ಮುಗಿಯುವ ಹೊತ್ತಿಗೆ ಗುಲಾಬಿ ಬಣ್ಣ ಚೆಲ್ಲುವ ಟಬೆಬೂಯ ಕೂಡ ಅಲ್ಲಿಯದೇ. ಆಕಾಶಮಲ್ಲಿಗೆ ಬರ್ಮಾದಿಂದ ಬಂದದ್ದು. ಅದರ ಬಿಳಿ ಹೂಗಳು ರಾತ್ರಿ ಅರಳಿ ಬೆಳಗಿಗೆ ಬೀದಿಯಲ್ಲಿ ಹಾಸಿರುತ್ತವೆ. ಇವುಗಳ ನಡುವೆ ನಮ್ಮವೇ ಆದ ಹೊಂಗೆ, ಬೇವು, ನೇರಳೆ, ಅರಳಿ. ಯುಗಾದಿಯ ಸುಮಾರಿಗೆ ಹೊಂಗೆಯ ಎಳೆ ಚಿಗುರಿನ ಮೇಲೆ ಬೆಳಿಗ್ಗೆಯ ಬಿಸಿಲು ಬಿದ್ದಾಗ ಇಡೀ ಬೀದಿ ತಿಳಿಹಸಿರಾಗಿ ಬೆಳಗುತ್ತದೆ.

ಒಂದು ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ, ವರ್ಷವಿಡೀ ನಗರದಲ್ಲಿ ಎಲ್ಲೋ ಒಂದು ಕಡೆ ಬಣ್ಣ ಇರುವಂತೆ ಮರಗಳನ್ನು ಆರಿಸಿ ನೆಡುವ ಪದ್ಧತಿಯನ್ನು ಬೆಂಗಳೂರಿಗೆ ಕಲಿಸಿದವರು ಜರ್ಮನಿಯ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಬರೋಡದಲ್ಲಿ ಕೆಲಸ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಲಾಲ್‌ಬಾಗಿನ ಹೊಣೆ ಹೊತ್ತರು. 1956ರಲ್ಲಿ ಬೆಂಗಳೂರಿನಲ್ಲೇ ಕಣ್ಮುಚ್ಚಿದರು, ಇಲ್ಲೇ ಮಣ್ಣಾದರು. ಅವರ ನಂತರ ಎಂ. ಎಚ್. ಮರಿಗೌಡರು ಆ ಪರಂಪರೆಯನ್ನು ಬೆಳೆಸಿದರು.

ಕೊನೆಗೆ ಸಂಪಿಗೆ. ಒಳರಸ್ತೆಯೊಂದರ ಕಾಂಪೌಂಡಿನಿಂದ ಹೊರಗೆ ಬಾಗಿದ ಮರ. ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಸಿಗುತ್ತದೆ. ನೆಲಕ್ಕೆ ಬಿದ್ದ ಒಂದು ಹೂವನ್ನು ಎತ್ತಿ ಅಂಗೈಯಲ್ಲಿಟ್ಟರೆ ನೀಳವಾದ ಹಲವು ಎಸಳು. ಬುಡದಲ್ಲಿ ಅರಿಸಿನದ ಬಣ್ಣ, ಬಾಡುತ್ತ ಬಂದಂತೆ ಕಂದು. ಎಸಳು ಬಾಡಿದರೂ ಪರಿಮಳ ಹೋಗುವುದಿಲ್ಲ. ಕಾಯಿ ಗೊಂಚಲು ಬಿರಿದು ಕೆಂಪು ಬೀಜ ಹೊರಬಂದಾಗ ಕುಟ್ರುಹಕ್ಕಿ, ಕೋಗಿಲೆಗಳು ಮುತ್ತುತ್ತವೆ. ಅಜ್ಜನ ಜೊತೆ ಬಂದ ಹುಡುಗಿ ಹೂವನ್ನು ಜೇಬಿಗೆ ಹಾಕಿಕೊಳ್ಳುತ್ತಾಳೆ. ಸಂಪಿಗೆ ರಸ್ತೆಯ ಹೆಸರಿನ ಅರ್ಥವನ್ನು ಅವಳು ಇನ್ನು ಮರೆಯುವುದಿಲ್ಲ.

ನೆರಳಿನ ಬೆಲೆಯನ್ನು ಅಳೆದು ನೋಡಿದವರೂ ಇದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದೇ ರಸ್ತೆಯ ಮರವಿರುವ ಭಾಗವನ್ನೂ ಮರವಿಲ್ಲದ ಭಾಗವನ್ನೂ ಹೋಲಿಸಿದಾಗ, ಮಧ್ಯಾಹ್ನದ ಹೊತ್ತು ಮರದ ಕೆಳಗಿನ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ತಂಪಾಗಿದ್ದುದು ಕಂಡಿತು. ಡಾಂಬರಿನ ಮೇಲ್ಮೈಯಲ್ಲಂತೂ ವ್ಯತ್ಯಾಸ 27.5 ಡಿಗ್ರಿಯವರೆಗೂ ಹೋಯಿತು. ಪ್ಲೇಗಿನ ಕಾಲದವರು ಬರೆದ ಮದ್ದಿನ ಜೊತೆಗೆ ಮರದ ನೆರಳೂ ಒಂದು ಮದ್ದೇ ಎಂದು ಶತಮಾನ ಕಳೆದ ಮೇಲೆ ಉಷ್ಣಮಾಪಕ ಹೇಳಿತು.

ಆದರೆ ಆ ಮದ್ದನ್ನು ನಗರ ಈಗ ಚೆಲ್ಲುತ್ತಿದೆ. 2011ರಲ್ಲಿ ಸ್ಯಾಂಕಿ ರಸ್ತೆಯನ್ನು ಅಗಲ ಮಾಡಲು ಮರಗಳಿಗೆ ಕೊಡಲಿ ಬಿದ್ದಾಗ ನಿವಾಸಿಗಳು ಬೀದಿಗಿಳಿದರು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. 2023ರಲ್ಲಿ ಅದೇ ರಸ್ತೆಗೆ ಮೇಲ್ಸೇತುವೆಯ ಯೋಜನೆ ಬಂದಾಗ ಮತ್ತೆ ಮಕ್ಕಳು, ಹಿರಿಯರು ಎನ್ನದೆ ಎಲ್ಲರೂ ಮರಗಳ ಪರವಾಗಿ ನಿಂತರು. ಒಂದು ಜಗಲಿಯ ಮನೆ ಉರುಳಿದಾಗ ಅದರೊಡನೆ ಹಲಸು, ತೆಂಗು, ಪಾರಿಜಾತಗಳೂ ಹೋಗುತ್ತವೆ. ಆ ಜಾಗದಲ್ಲಿ ನಾಲ್ಕು ಅಂತಸ್ತು ಏಳುತ್ತದೆ, ಕಾಂಪೌಂಡಿನ ಮಣ್ಣು ಕಾರು ನಿಲ್ಲುವ ಕಾಂಕ್ರೀಟಾಗುತ್ತದೆ. ಊರು ಬೆಳೆಯಬಾರದು ಎಂದು ಯಾರೂ ಹೇಳುವುದಿಲ್ಲ. 2014ರ ಮಾರ್ಚಿನಲ್ಲಿ ಮೆಟ್ರೋ ಬಂದು ಸಂಪಿಗೆ ರಸ್ತೆಯ ಹೆಸರನ್ನೇ ನಿಲ್ದಾಣಕ್ಕೆ ಇಟ್ಟಾಗ ಈ ಬಡಾವಣೆ ಸಂತೋಷದಿಂದಲೇ ಸ್ವಾಗತಿಸಿತು. ಆದರೆ ಮಲ್ಲೇಶ್ವರದಲ್ಲಿ ಮರ, ತೆರಪು, ಗಾಳಿ ಎಂಬುವು ಮೂಲ ನಕ್ಷೆಯಲ್ಲೇ ಬರೆದುಕೊಂಡ ಅಂಗಗಳು. ರಸ್ತೆಯನ್ನು ಉಳಿಸಿಕೊಂಡು ಮರವನ್ನು ತೆಗೆದರೆ ನಕ್ಷೆಯ ಅರ್ಧ ಹರಿದಂತೆ.

ಕೊಡಲಿಗಿಂತ ನಿಧಾನವಾಗಿ, ಸದ್ದಿಲ್ಲದೆ ಮರವನ್ನು ಕೊಲ್ಲುವುದು ಸಿಮೆಂಟು. ಪಾದಚಾರಿ ಮಾರ್ಗ ಹಾಕುವಾಗ ಕಲ್ಲು ಕಾಂಕ್ರೀಟನ್ನು ಕಾಂಡಕ್ಕೆ ತಾಗುವಂತೆ ಒತ್ತಿ ಬಿಡುತ್ತಾರೆ. ಬೇರಿಗೆ ನೀರು ಇಳಿಯುವುದಿಲ್ಲ, ಗಾಳಿ ಸಿಗುವುದಿಲ್ಲ. ಕೇಬಲ್ಲಿಗಾಗಿ ಅಗೆಯುವವರು ಒಂದು ಮಗ್ಗುಲ ಬೇರನ್ನು ಕತ್ತರಿಸಿ ಹೋಗುತ್ತಾರೆ. ಮೇ ತಿಂಗಳ ಮೊದಲ ಬಿರುಗಾಳಿಗೆ ಮರ ಉರುಳಿದಾಗ, ಹಳೆಯ ಮರ, ಬಿತ್ತು ಎನ್ನುತ್ತಾರೆ. ಉರುಳಿದ ಮರದ ಬುಡವನ್ನು ಬಗ್ಗಿ ನೋಡಿದರೆ ಕಾರಣ ಕಾಣುತ್ತದೆ: ಸಿಮೆಂಟಿನ ಚೌಕದೊಳಗೆ ಗಿಡ್ಡವಾಗಿ ಸುರುಳಿ ಸುತ್ತಿಕೊಂಡ ಬೇರುಗಳು. ದೆಹಲಿಯ ಮರಗಳ ವಿಷಯದಲ್ಲಿ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬುಡದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶ ಕೊಟ್ಟಿತು. ನಮ್ಮಲ್ಲಿ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಅನುಮತಿ ಇಲ್ಲದೆ ಕಡಿಯುವುದು ಅಪರಾಧ.

ನಡಿಗೆ ಮುಗಿಯುವುದು ಮಾರ್ಗೋಸ ರಸ್ತೆಯಲ್ಲಿ, ಏಳನೇ ಕ್ರಾಸಿನ ಮೂಲೆಯ ಸಿಟಿಆರ್ ಮುಂದೆ. ಸೆಂಟ್ರಲ್ ಟಿಫಿನ್ ರೂಮ್ ಎಂಬುದು ಅದರ ಹಳೆಯ ಹೆಸರು. ಫಲಕದ ಮೇಲೆ ಈಗ ಶ್ರೀ ಸಾಗರ್ ಎಂದಿದ್ದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ಬೆಣ್ಣೆ ಮಸಾಲೆದೋಸೆಗೆ ಕಾದು ನಿಂತವರ ಸಾಲಿನಲ್ಲಿ ನಡಿಗೆಯವರೂ ಸೇರುತ್ತಾರೆ. ಬೆಳಿಗ್ಗೆ ಏಳಕ್ಕೆ ಒಬ್ಬರನ್ನೊಬ್ಬರು ಅರಿಯದವರು ಈಗ ಒಂದೇ ಮೇಜಿನ ಸುತ್ತ ಕೂತು, ತಮ್ಮ ತಮ್ಮ ಊರಿನ ಅರಳಿಕಟ್ಟೆ, ಗುಂಡುತೋಪುಗಳ ಮಾತಾಡುತ್ತಾರೆ.

ಬೆಂಗಳೂರಿನಲ್ಲಿ ಇರದ ಕೇಳುಗರಿಗೂ ಇದು ಸಲ್ಲುವ ಮಾತು. ಧಾರವಾಡವಿರಲಿ, ಮೈಸೂರಿರಲಿ, ಶಿವಮೊಗ್ಗವಿರಲಿ, ಹಳೆಯ ಮರಗಳಿರುವ ಬೀದಿ ಎಲ್ಲ ಊರಿನಲ್ಲೂ ಇದೆ. ಮುಂದಿನ ಭಾನುವಾರ ಮನೆಯ ಮಕ್ಕಳನ್ನು ಕರೆದುಕೊಂಡು ಅಂಥ ಒಂದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಮರಗಳನ್ನು ಎಣಿಸಿ, ಹೆಸರು ಬರೆದುಕೊಳ್ಳಿ, ಜಗಲಿಯ ಮೇಲೆ ಕೂತ ಹಿರಿಯರನ್ನು ಮಾತಾಡಿಸಿ. ಬುಡದವರೆಗೆ ಸಿಮೆಂಟು ಬಿಗಿದ ಮರ ಕಂಡರೆ ಅದರ ಜಾಗವನ್ನು ಗುರುತು ಹಾಕಿಕೊಂಡು, ಸುತ್ತ ಒಂದು ಮೀಟರ್ ಮಣ್ಣು ಬಿಡಿಸಿಕೊಡಿ ಎಂದು ನಿಮ್ಮ ವಾರ್ಡಿನ ಕಚೇರಿಗೆ ಒಂದು ಅರ್ಜಿ ಬರೆದು, ನಾಲ್ಕು ಮನೆಯವರ ಸಹಿ ಹಾಕಿಸಿ ಕೊಡಿ. ಮಳೆಗಾಲ ಶುರುವಾಗುವ ಮೊದಲೇ ಕೊಡಿ.